ವಿಚಾರಿಸುವ ತನಕ ಮುಟ್ಟಬೇಡಿ

"ಉಸ್ತಾದರೇ, ನಿನ್ನೆ ಗೆಳೆಯನ ತಾಯಿ ಪಾಸ್ತಾ ಮಾಡಿ ಬಡಿಸಿದರು. ಹಲಾಲೋ ಅಲ್ಲವೋ ತಿಳಿಯಲಿಲ್ಲ. ಹಸಿವಿಲ್ಲ ಎಂದು ಎದ್ದು ಬಂದೆ. ನಾನು ಮಾಡಿದ್ದು ಸರಿಯೇ?" ಎಂದು ಶಿಷ್ಯ ಶಫೀಕ್ ಕೇಳಿದ.

ಹಸನಬ್ಬ ಉಸ್ತಾದರು ಕನ್ನಡಕ ತೆಗೆದಿಟ್ಟರು.

"ಪಾಸ್ತಾ ಎಂದರೆ ಗೋಧಿ ಹಿಟ್ಟು, ನೀರು. ಅದರ ಜೊತೆಗೆ ಬರುವ ಮಸಾಲೆಯಲ್ಲಿ, ಚೀಸಿನಲ್ಲಿ ಏನಿದೆ ಎಂದು ನೋಡಿಕೊಳ್ಳಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಮಾಂಸವಿಲ್ಲ ಎನ್ನುತ್ತದೆ, ಮದ್ಯದ ಬಗ್ಗೆ ಏನೂ ಹೇಳುವುದಿಲ್ಲ. ನಮ್ಮ ಹುಡುಗರು ಪೊಟ್ಟಣ ಓದುವಷ್ಟು ಶ್ರದ್ಧೆಯಿಂದ ಕಿತಾಬು ಓದಿದ್ದರೆ ನನ್ನ ಕೆಲಸ ಎಷ್ಟೋ ಹಗುರಾಗುತ್ತಿತ್ತು. ಇರಲಿ, ಒಂದು ಕತೆ ಕೇಳು."

ಒಂದು ಮನೆಯ ಯಜಮಾನ ತೀರಿಕೊಂಡ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರೇ ಊಟ ತರುತ್ತಾರೆ. ಮಕ್ಕಳು ಮಾತ್ರ ಬೆಳಗಿನಿಂದ ಯಾರು ಏನು ಕೊಟ್ಟರೂ ಬಾಯಿಗಿಡಲಿಲ್ಲ. ಅವರ ತಾಯಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಪಕ್ಕದ ಮನೆಯ ಹೆಂಗಸು ಬೇರೆ ಧರ್ಮದವಳು. ಆ ಮಕ್ಕಳಿಗೆ ಏನು ಇಷ್ಟ ಎಂದು ಅವಳಿಗೆ ಗೊತ್ತಿತ್ತು. ಪಾಸ್ತಾ ಮಾಡಿ ಪಾತ್ರೆ ತುಂಬ ತಂದಳು. ಅದನ್ನು ಕಂಡದ್ದೇ ಮಕ್ಕಳು ಎದ್ದು ಬಂದು ತಟ್ಟೆ ಹಿಡಿದು ಕೂತರು.

ಮಕ್ಕಳ ಸೋದರಮಾವ ಬಟ್ಟೆ ವ್ಯಾಪಾರಿ, ಬಹಳ ಎಚ್ಚರದ ಮನುಷ್ಯ. ಅವನು ಪಾತ್ರೆಯ ಮುಚ್ಚಳ ಮುಚ್ಚಿದ.

"ಯಾವ ಕಂಪನಿಯದೋ ಏನೋ. ನಾನು ವಿಚಾರಿಸಿ ಬರುವ ತನಕ ಯಾರೂ ಮುಟ್ಟಬೇಡಿ" ಎಂದ.

ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತು ನಿಂತು ಮನೆಗೆ ಹೋದಳು.

ವ್ಯಾಪಾರಿ ದಿನಸಿ ಅಂಗಡಿಗೆ ಹೋದ. ಆ ಊರಲ್ಲಿ ಸಿಗುತ್ತಿದ್ದುದು ಒಂದೇ ಕಂಪನಿಯ ಪಾಸ್ತಾ. ಪಾಸ್ತಾ ಪೊಟ್ಟಣ ತೆಗೆದು ಬೆಳಕಿಗೆ ಹಿಡಿದು ಸಣ್ಣ ಅಕ್ಷರಗಳನ್ನೆಲ್ಲ ಓದಿದ. ಒಳಗಿನ ಮಸಾಲೆ ಪುಡಿಯ ವಿವರದಲ್ಲಿ ಒಂದು ಹೆಸರು ಅರ್ಥವಾಗಲಿಲ್ಲ. ಅಂಗಡಿಯವನಿಗೂ ತಿಳಿಯಲಿಲ್ಲ. ಕಂಪನಿಗೆ ಫೋನು ಮಾಡಿದ. ಅವರು ಇವರಿಗೆ ಕೊಟ್ಟರು, ಇವರು ಇನ್ನೊಬ್ಬರಿಗೆ ಕೊಟ್ಟರು. ಅವನೂ ಬಿಡುವವನಲ್ಲ. ಕೊನೆಗೆ ಆ ಪುಡಿಯಲ್ಲಿ ನಿಷಿದ್ಧವಾದದ್ದು ಏನೂ ಇಲ್ಲ ಎಂದು ಖಚಿತವಾಯಿತು. ಸಂಜೆ ಸಮಾಧಾನದಿಂದ ಮನೆಗೆ ಬಂದ.

ಮಕ್ಕಳು ಹಸಿದುಕೊಂಡೇ ನಿದ್ದೆ ಹೋಗಿದ್ದರು. ಪಾಸ್ತಾ ತಣ್ಣಗಾಗಿ ಮುದ್ದೆಗಟ್ಟಿತ್ತು.

ಅವನು ಪಕ್ಕದ ಮನೆಗೆ ಹೋಗಿ, "ಅಕ್ಕಾ, ಎಲ್ಲ ವಿಚಾರಿಸಿದೆ. ಮಸಾಲೆ ಪುಡಿಯಲ್ಲೂ ಏನೂ ತೊಂದರೆ ಇಲ್ಲ" ಎಂದ.

"ಆ ಪುಡಿಯ ಮೇಲೆ ನನಗೂ ಅನುಮಾನ ಇತ್ತಣ್ಣಾ. ಅದಕ್ಕೇ ಹಾಕಲಿಲ್ಲ. ಬರೀ ಟೊಮೆಟೊ, ಬೆಳ್ಳುಳ್ಳಿ ಹಾಕಿ ಹೊಸ ಪಾತ್ರೆಯಲ್ಲಿ ಮಾಡಿದ್ದೆ. ಮಕ್ಕಳು ಉಂಡವಾ?" ಎಂದಳು ಅವಳು.



ಮರುದಿನವೂ ಅವಳು ಸಾವಿನ ಮನೆಗೆ ಬಂದಳು, ಬರಿಗೈಯಲ್ಲಿ ಬರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ತಂದು ಕೊಟ್ಟು ಹೋದಳು. ಅಂದಿನಿಂದ ಅವಳು ಆ ಮನೆಗೆ ಸಿಪ್ಪೆ ಇರುವ ಹಣ್ಣನ್ನಷ್ಟೇ ತರುತ್ತಿದ್ದಳು. ಬೇಯಿಸಿದ್ದನ್ನು ಮತ್ತೆಂದೂ ತರಲಿಲ್ಲ.

ಉಸ್ತಾದರು ಕತೆ ನಿಲ್ಲಿಸಿದರು. ಶಫೀಕ್ ಇರುಸುಮುರುಸಿನಿಂದ ಕೇಳಿದ: "ಆದರೆ ಉಸ್ತಾದರೇ, ಅನುಮಾನ ಬಂದಾಗ ವಿಚಾರಿಸಲೇಬೇಕಲ್ಲವೇ?"

"ವಿಚಾರಿಸಲೇಬೇಕು ಮಗಾ, ಅಡುಗೆ ಮಾಡಿದವಳು ಎದುರಿಗೇ ನಿಂತಿದ್ದಳಲ್ಲ, ಅವಳನ್ನೇಕೆ ಕೇಳಲಿಲ್ಲ?"