ಹದಿನೈದು ಚಾವಡಿ, ಒಂದು ಎಮ್ಮೆ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟದ ಕಾಲದಲ್ಲಿ, ಒಂದೂರಲ್ಲಿ ಒಬ್ಬ ದೊರೆ ಇದ್ದನಂತೆ. ಅಪ್ಪ ದೊರೆ ಆಗಿದ್ದ ಅಂತ ಮಗ ದೊರೆ ಆಗೋ ಸೀಮೆಯಲ್ಲ ಅದು. ನಾಲ್ಕು ವರ್ಷಕ್ಕೊಂದು ಸಲ ಜನ ಸೇರಿ ಒಬ್ಬನನ್ನ ಆರಿಸಿ ಗದ್ದುಗೆ ಮೇಲೆ ಕೂರಿಸೋರಂತೆ. ಕೂತವನು ಹದಿನೈದು ಮಂತ್ರಿಗಳನ್ನ ಹುಡುಕಿ ತಂದು ಊರ ಹಿರೀಕರ ಮುಂದೆ ನಿಲ್ಲಿಸಬೇಕು. ಹಿರೀಕರು ಮೇಲೆ ಕೆಳಗೆ ನೋಡಿ, ನಾಲ್ಕು ಪ್ರಶ್ನೆ ಕೇಳಿ, ಹೂಂ ಅಂದರೆ ಉಂಟು, ಊಹೂಂ ಅಂದರೆ ಇಲ್ಲ.

ನೀರಿಗೊಬ್ಬ ಮಂತ್ರಿ, ನೆಲಕ್ಕೊಬ್ಬ, ದನಕರುಗಳಿಗೊಬ್ಬ, ದಾರಿಗೊಬ್ಬ, ದಂಡಿಗೊಬ್ಬ, ಹೀಗೆ ಹದಿನೈದು. ಒಬ್ಬೊಬ್ಬನಿಗೂ ಒಂದೊಂದು ಚಾವಡಿ. ಯಾವ ಚಾವಡಿ ಮೊದಲು ಕಟ್ಟಿದ್ದೋ ಅದರ ಮಂತ್ರಿ ದೊರೆ ಪಕ್ಕದಲ್ಲಿ ಕೂರಬೇಕು. ಮೊನ್ನೆ ಮೊನ್ನೆ ಕಟ್ಟಿದ್ದರ ಮಂತ್ರಿಗೆ ಬಾಗಿಲ ಹತ್ತಿರದ ಜಾಗ. ಮಂತ್ರಿ ಕೆಳಗೆ ಉಪಮಂತ್ರಿ, ಅವನ ಕೆಳಗೆ ಪಾರುಪತ್ಯಗಾರ, ಅವನ ಕೆಳಗೆ ಗುಮಾಸ್ತರ ಹಿಂಡು. ದೊರೆ ಹೋದರೆ ಮಂತ್ರಿಗಳೂ ಗಂಟುಮೂಟೆ ಕಟ್ಟಬೇಕು. ಗುಮಾಸ್ತರು ಮಾತ್ರ ಕೂತಲ್ಲೇ ಕೂತಿರೋರಂತೆ.

ಆ ಊರಲ್ಲಿ ಮಲ್ಲಾಜಮ್ಮ ಅಂತ ಒಬ್ಬ ಹೆಂಗಸು. ಗಂಡ ಇಲ್ಲ, ಮಕ್ಕಳಿಲ್ಲ, ಇದ್ದದ್ದು ಒಂದೇ ಎಮ್ಮೆ. ಅದೂ ತುಂಬು ಗಬ್ಬ. ಒಂದು ಬೆಳಿಗ್ಗೆ ಆ ಎಮ್ಮೆ ನೀರು ಕುಡಿಯೋಕೆ ಅಂತ ಕೆರೆಗೆ ಇಳಿದು, ಕೆಸರಲ್ಲಿ ಹೊಟ್ಟೆಮಟ್ಟ ಹೂತುಕೊಂಡಿತು. ಮಲ್ಲಾಜಮ್ಮ ಎಳೆದಳು, ಅತ್ತಳು, ಬೈದಳು. ಎಮ್ಮೆ ಇನ್ನೊಂದು ಗೇಣು ಇಳಿಯಿತು. ಊರವರನ್ನ ಕೂಗಿದರೆ, "ಅಯ್ಯೋ, ದೊರೆ ಕೆರೆಗೆ ಅಪ್ಪಣೆ ಇಲ್ದೆ ಇಳಿದ್ರೆ ನಮ್ಮನ್ನ ಬಿಡ್ತಾರಾ?" ಅಂತ ದಡದಲ್ಲೇ ನಿಂತರು. ಹೊತ್ತು ಮುಳುಗೋದರೊಳಗೆ ಮೇಲೆ ಬರದಿದ್ದರೆ ಎಮ್ಮೆಯೂ ಇಲ್ಲ, ಹೊಟ್ಟೆಯೊಳಗಿನ ಕರುವೂ ಇಲ್ಲ.

ಓಡಿದಳಂತೆ ನೀರಿನ ಚಾವಡಿಗೆ.

"ಎಮ್ಮೆ ತೇಲ್ತಾ ಇದೆಯೇನಮ್ಮ?" ಅಂದ ನೀರಿನ ಮಂತ್ರಿ.

"ಇಲ್ಲ ಬುದ್ಧಿ, ಹೂತದೆ."

"ಹಾಗಾದ್ರೆ ಅದು ನೆಲ. ನೆಲದ ಚಾವಡಿಗೆ ಹೋಗು."

ಓಡಿದಳಂತೆ ನೆಲದ ಚಾವಡಿಗೆ.

"ಎಮ್ಮೆ ಕಾಲಿಗೆ ನೆಲ ಸಿಕ್ಕಿದೆಯಾ?" ಅಂದ ನೆಲದ ಮಂತ್ರಿ.

"ಸಿಕ್ಕಿದ್ರೆ ನಾನ್ಯಾಕೆ ಬರ್ತಿದ್ದೆ ಬುದ್ಧಿ?"

"ಹಾಗಾದ್ರೆ ಅದು ನೀರು."

ಓಡಿದಳಂತೆ ದನದ ಚಾವಡಿಗೆ.

"ಎಮ್ಮೆಗೆ ಕಾಯಿಲೆಯಾ?" ಅಂದ ದನದ ಮಂತ್ರಿ.

"ಇಲ್ಲ ಬುದ್ಧಿ, ಗಟ್ಟಿಮುಟ್ಟಾಗದೆ."

"ಒಳ್ಳೇದಾಯ್ತು. ಸಂತೋಷವಾಗಿ ಮನೆಗೆ ಹೋಗು."

ಹದಿನೈದು ಚಾವಡಿಯಲ್ಲೂ ಇದೇ ಕತೆ. ನಡುಮಧ್ಯಾಹ್ನ ಆಯಿತು. ಮಲ್ಲಾಜಮ್ಮ ಜಗಲಿ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳಂತೆ. ಅಲ್ಲಿ ಚೆಲುವರಾಯಪ್ಪ ಅನ್ನೋ ಮುದುಕ ಗುಮಾಸ್ತ ಲೇಖನಿ ಚೂಪು ಮಾಡ್ತಾ ಇದ್ದ. ಪಾಪ, ಅವನಿಗೂ ಕರುಳು ಚುರುಕ್ ಅಂತು.

"ಏಳು ದೊರೆಗಳನ್ನ ಕಂಡಿದೀನಿ ಕಣವ್ವ," ಅಂದ. "ಕಷ್ಟ ಅಂದ್ರೆ ಈ ಚಾವಡಿಗಳಲ್ಲಿ ಒಬ್ಬನೂ ಅಲ್ಲಾಡಲ್ಲ. ಪಕ್ಕದೋನು ನನ್ನ ಎಲ್ಲೆ ದಾಟಿದ ಅಂದ್ರೆ ಮಾತ್ರ ಎಲೆ ಮುಂದಿನ ಊಟ ಬಿಟ್ಟು ಓಡ್ತಾರೆ."

ಮಲ್ಲಾಜಮ್ಮ ಕಣ್ಣೊರೆಸಿಕೊಂಡಳು. ನೆಟ್ಟಗೆ ನೀರಿನ ಮಂತ್ರಿ ಹತ್ತಿರ ಹೋಗಿ, "ಬುದ್ಧಿ, ಇನ್ಮೇಲೆ ಕೆರೆ ನಂದೇ ಅಂತ ನೆಲದ ಮಂತ್ರಿಗಳು ಹಗ್ಗ ತಗೊಂಡು ಹೊರಟವ್ರೆ" ಅಂದಳು. ನೆಲದವನಿಗೆ ನೀರಿನವನ ಹೆಸರು ಹೇಳಿದಳು. ದನದವನಿಗೆ ಇಬ್ಬರ ಹೆಸರೂ ಹೇಳಿದಳು. ಹೀಗೆ ಹದಿನೈದು ಕಿವಿಗೂ ಊದಿದಳಂತೆ. ಅರೆಗಳಿಗೆಯಲ್ಲಿ ಹದಿನೈದು ಚಾವಡಿ ಖಾಲಿ!

ಬಂದರಪ್ಪ ಎಲ್ಲರೂ ಕೆರೆಗೆ. ಬಂದು ಮಾಡಿದ್ದೇನು? ಕೊಂಬಿಗೆ ಒಬ್ಬ, ಕೊರಳಿಗೆ ಒಬ್ಬ, ಬಾಲಕ್ಕೆ ಒಬ್ಬ, ದಡದಿಂದಲೇ ಹದಿನೈದು ಹಗ್ಗದ ಕುಣಿಕೆ ಎಸೆದು ಹದಿನೈದು ಕಡೆಗೆ ಎಳೆದರು. ಎಮ್ಮೆ ಕಣ್ಣು ಮೇಲೆ ಮಾಡಿ ಅರಚಿತು. ಗದ್ದಲ ಕೇಳಿ ದೊರೆಯೂ ಛತ್ರಿ ಹಿಡಿಸಿಕೊಂಡು ಬಂದ.

"ಭೇಷ್! ಎಷ್ಟು ಶ್ರದ್ಧೆ ನಮ್ಮ ಮಂತ್ರಿಗಳಿಗೆ!" ಅಂದನಂತೆ.

ಮಲ್ಲಾಜಮ್ಮನಿಗೆ ಸಿಟ್ಟು ನೆತ್ತಿಗೇರಿತು, ಬುದ್ಧಿ ಅನ್ನೋದೂ ಮರೆತುಹೋಯಿತು. "ಭೇಷ್ ಅನ್ನೋಕೆ ನಿನ್ನ ಆರಿಸಿದ್ವಾ ನಾವು? ಇಷ್ಟು ಜನಾನೂ ಹುಡುಕಿ ತಂದೋನು ನೀನು. ಯಾವ ಕಡೆ ಎಳೀಬೇಕು ಅಂತ ಹೇಳೋನೂ ನೀನೇ ಅಲ್ವಾ?"

ದೊರೆ ಮುಖ ಸಣ್ಣದಾಯಿತು. "ಎಲ್ಲರೂ ಒಂದೇ ಹಗ್ಗ ಹಿಡೀರಿ, ಮೂಡಲ ದಡಕ್ಕೆ ಎಳೀರಿ" ಅಂತ ಕೂಗಿದ. ಆದರೆ ಎಮ್ಮೆ ಕಡೆಯ ಹಗ್ಗದ ತುದಿ ಹಿಡಿಯೋನು ಕೆಸರಿಗೆ ಇಳಿಯಬೇಕಲ್ಲ! ದಿನಾ ದೊರೆ ಪಕ್ಕದ ಜಾಗದಲ್ಲಿ ಬೀಗಿ ಕೂರೋ ಹಿರೀ ಮಂತ್ರಿ ಅವತ್ತು, "ಕಿರಿಯರು ಮುಂದೆ ಬರಬೇಕು" ಅಂದ. ಬಾಗಿಲ ಹತ್ತಿರದ ಮಂತ್ರಿ, "ಛೆ ಛೆ, ಹಿರಿಯರಿದ್ದ ಹಾಗೆ ನಾನಾ?" ಅಂದ. ಹೊತ್ತು ಇಳೀತಾ ಬಂತು. ಕೆಸರು ಎಮ್ಮೆಯ ಬೆನ್ನು ಮುಟ್ಟಿತು.

ದೊರೆ ಪಂಚೆ ಎತ್ತಿ ಕಟ್ಟಿ, ತಾನೇ ಕೆಸರಿಗೆ ಇಳಿದು ಹಗ್ಗದ ತುದಿ ಹಿಡಿದ. ದೊರೆಯೇ ಇಳಿದ ಮೇಲೆ ಮಂತ್ರಿಗಳು ನಿಲ್ಲೋಕಾಗುತ್ತಾ? ಮಂತ್ರಿಗಳು ಇಳಿದ ಮೇಲೆ ಗುಮಾಸ್ತರು? ಊರವರೂ ಇಳಿದರು. "ಐಸಾ" ಅಂದ ದೊರೆ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಎಮ್ಮೆ ಮೇಲೆ ಬಂತು. ದಡ ಹತ್ತಿ ಸುಧಾರಿಸಿಕೊಂಡು ಅಲ್ಲೇ ಕರು ಹಾಕಿತು.

ಕರು ಕಂಡಿದ್ದೇ ತಡ, "ನೀರಿಂದ ಬಂತು, ನಮ್ಮ ಚಾವಡಿಗೆ ಸೇರಬೇಕು" ಅಂತ ಒಬ್ಬ, "ನೆಲದ ಮೇಲೆ ಹುಟ್ಟಿತು, ನಮಗೆ ಸೇರಬೇಕು" ಅಂತ ಇನ್ನೊಬ್ಬ, ಹದಿನೈದು ಜನವೂ ಜಗಳಕ್ಕೆ ನಿಂತರಂತೆ.

ಕೊರಳಮಟ್ಟ ಕೆಸರಾಗಿದ್ದ ದೊರೆ ಹೇಳಿದ, "ಇದು ಮಲ್ಲಾಜಮ್ಮನ ಕೊಟ್ಟಿಗೆಗೆ ಸೇರುತ್ತೆ. ಹೊತ್ತುಕೊಂಡು ನಡೀರಿ."

ಹದಿನೈದು ಮಂತ್ರಿಗಳೂ ಸರದಿ ಮೇಲೆ ಕರು ಹೊತ್ತು ಅವಳ ಮನೆವರೆಗೆ ನಡೆದರಂತೆ. ಮಲ್ಲಾಜಮ್ಮ ಗಿಣ್ಣು ಕಾಯಿಸಿ ಎಲ್ಲರಿಗೂ ಕೊಟ್ಟಳು. ಅವರ ಪಾಲಿಗೆ ಗಿಣ್ಣು ಬಂತು, ನಮ್ಮ ಪಾಲಿಗೆ ಈ ಕತೆ ಬಂತು.