ಆಷಾಢದ ಗಾಳಿ

ಗುಡ್ಡದ ಗುಹೆಯಲ್ಲಿ ಒತ್ತಿ ತುಂಬಿಟ್ಟು, ಬೇಕಾದಾಗ ಬಿಟ್ಟು ಕರೆಂಟು ಮಾಡುವ ಗಾಳಿಗೆ ದೊಡ್ಡ ಸಾಹೇಬರು ಏನು ಕುಂದು ಹುಡುಕಿದರು, ಊಹಿಸಿ ನೋಡೋಣ!

"ಇದು ಆಷಾಢದಲ್ಲಿ ತುಂಬಿದ್ದು ಕಣಯ್ಯಾ, ಅಶುಭ! ನಾಳೆ ಮಂತ್ರಿಗಳು ಬರೋದರೊಳಗೆ ಪೂರ್ತಿ ಬಿಟ್ಟು, ಶ್ರಾವಣದ್ದು ತುಂಬು."

ಆಪರೇಟರ್ ಕಿಟಕಿಯಾಚೆ ನೋಡಿದ. ಹೊರಗೆ ಒಂದೆಲೆಯೂ ಅಲುಗುತ್ತಿಲ್ಲ; ಗಾಳಿಯಂತ್ರ ತಿರುಗದೆ ಹೊಸದನ್ನು ಒತ್ತಿ ತುಂಬುವಂತಿಲ್ಲ. ಇದ್ದದ್ದನ್ನೂ ಬಿಟ್ಟರೆ ಸಂಜೆ ಊರ ಆಸ್ಪತ್ರೆಗೇ ಕತ್ತಲು. ಆದರೂ "ಆಗಲಿ ಸಾರ್" ಎಂದವನೇ ಸಾಹೇಬರ ಕೋಣೆಯ ಎ.ಸಿ. ಆರಿಸಿದ.

"ಯಾಕಯ್ಯಾ?"

"ಇದೂ ಅದೇ ಗಾಳಿಯ ಕರೆಂಟು ಸಾರ್. ಅಶುಭ ಮೊದಲು ತಮ್ಮ ತಲೆ ಮೇಲಿಂದ ತೊಲಗಲಿ ಅಂತ."

ಹತ್ತು ನಿಮಿಷಕ್ಕೆ ಸಾಹೇಬರ ಕೋಟು ಕಳಚಿತು, ಹದಿನೈದಕ್ಕೆ ಶಾಸ್ತ್ರ ಕಳಚಿತು. "ಏನಾದರೂ ಪರಿಹಾರ ಇದೆಯೇನಯ್ಯಾ?"

"ಒತ್ತುವಾಗಲೇ ಗಾಳಿ ಕಾದು ಸುಡುತ್ತೆ ಸಾರ್. ಅಗ್ನಿಶುದ್ಧಿ ಆಗಿಹೋಗಿದೆ."

"ಮೊದಲೇ ಹೇಳಬಾರದೇ? ಹಾಕು ಎ.ಸಿ.!"

ಇದು ನಡೆದದ್ದು ಶ್ರಾವಣದ ಬಿದಿಗೆ, ಜುಲೈ ಇಪ್ಪತ್ತಾರು, ಶನಿವಾರ ಬೆಳಗ್ಗೆ ಹತ್ತಕ್ಕೆ. ಸರಿಯಾಗಿ ರಾಹುಕಾಲದಲ್ಲಿ!