ಹಲ್ಲಿ ನುಡಿದ ಸಾಕ್ಷಿ

ಮನೆ ಮಾರಲು ಹೊರಟ ಪದ್ಮಾವತಮ್ಮನವರ ಕೈಯಲ್ಲಿ ಪಡಸಾಲೆಗೆ ಸುಣ್ಣ ಬಳಿಸುವಷ್ಟು ಮಾತ್ರ ದುಡ್ಡಿತ್ತು. ಅಲ್ಲಿನ ಗೋಡೆ ಎದೆಮಟ್ಟದಲ್ಲಿ ಬಿರುಕು ಬಿಟ್ಟಿತ್ತು. ಸುಣ್ಣ ಬಳಿದರೂ ಅದು ಮುಚ್ಚದಿದ್ದಾಗ ಅವರು ಅದರ ಮೇಲೊಂದು ಕ್ಯಾಲೆಂಡರ್ ನೇತುಹಾಕಿದರು. ವರ್ಷವರ್ಷವೂ ತೇವದ ಮೇಲೆಯೇ ಸುಣ್ಣ ಬಳಿಸಿಕೊಂಡು ಬೇಸತ್ತ ಗೋಡೆ ಇದನ್ನೂ ಸಹಿಸಿತು.

ಬಿರುಕಿನಲ್ಲಿ ಸಂಸಾರ ಹೂಡಿದ್ದ ಹಲ್ಲಿಗೆ ಗೋಡೆ ಹೇಳಿತು: "ಕೊಳ್ಳುವವರು ಬರುವ ಹೊತ್ತಾಯಿತು. ಅವರು ಹೋಗುವವರೆಗೆ ಬಾಯಿ ಮುಚ್ಚಿಕೊಂಡಿರು."

"ಆಗದು," ಎಂದಿತು ಹಲ್ಲಿ. "ಹೊಸಬರು ಬಂದರೆ ನನ್ನ ಮನೆಗೆ ಸಿಮೆಂಟು ಮೆತ್ತುತ್ತಾರೆ. ಆಕೆ ಸುಳ್ಳಾಡಿದರೆ ಅಲ್ಲೇ ಕೂಗಿ ಹೇಳುತ್ತೇನೆ."

"ನಿನ್ನಿಷ್ಟ. ವಾದಿಸಲು ನನಗೆ ತ್ರಾಣವಿಲ್ಲ."

ಗಂಡಹೆಂಡತಿ ಬಂದು ಚಾಪೆಯ ಮೇಲೆ ಕೂತರು. "ಗೋಡೆಗಳು ಹೇಗಿವೆಯಮ್ಮ?" ಎಂದು ಗಂಡ ಕೇಳಿದ.

"ಕಲ್ಲಿನ ಹಾಗಿವೆ ಸ್ವಾಮಿ, ಒಂದೂ ಬಿರುಕಿಲ್ಲ," ಎಂದರು ಪದ್ಮಾವತಮ್ಮ.

"ಸುಳ್ಳು!" ಎಂದು ಹಲ್ಲಿ ಕೂಗಿತು. ಮನುಷ್ಯರಿಗೆ ಕೇಳಿಸಿದ್ದು ಬರಿಯ ಲೊಚಲೊಚ. ಹೆಂಡತಿ ತಟ್ಟನೆ ಬೆರಳಿನಿಂದ ನೆಲ ಕುಟ್ಟಿ, "ಕೃಷ್ಣ ಕೃಷ್ಣ! ಹಲ್ಲಿಯೇ ನುಡಿಯಿತು ನೋಡಿ, ಇವರು ಹೇಳಿದ್ದು ನಿಜ," ಎಂದಳು. ಹಲ್ಲಿ ಸಿಟ್ಟಿಗೆದ್ದು ಮತ್ತೆ ಮತ್ತೆ ಕೂಗಿತು. ಅಷ್ಟು ಸಾಕ್ಷಿ ಸಿಕ್ಕ ಮೇಲೆ ಗಂಡ ಅಲ್ಲೇ ತಾಂಬೂಲ ಬದಲಾಯಿಸಿ ಮಾತು ಮುಗಿಸಿದ.

ಅವರು ಹೋದ ಮೇಲೂ ಹಲ್ಲಿ ಬಾಯಿ ತೆರೆಯಿತು.

"ಸಾಕು ಮಾಡು ತಾಯಿ," ಎಂದಿತು ಗೋಡೆ. "ಇನ್ನೊಂದು ಸಲ ಕೂಗಿದರೆ ನಾನು ಗಟ್ಟಿಯಿದ್ದೇನೆಂದು ನಾನೇ ನಂಬಿಬಿಡುತ್ತೇನೆ."